ಹೆಸರಿಲ್ಲದ ಚಾನೆಲ್

೨೦೨೩ರ ಏಪ್ರಿಲ್ ೧೩, ಗುರುವಾರ. ಬೆಳಗಿನಿಂದ ಜಿಟಿಜಿಟಿ ಮಳೆ. ರಾತ್ರಿಗೆ ನಿಂತಿತ್ತು. ಗಾಳಿ ಇರಲಿಲ್ಲ.

ಇದು ನಮ್ಮ ಚಿಕ್ಕಪ್ಪನ ಮಗ ಜುರಾಂದಿರ್‌ಗೆ ಆದದ್ದು. ಪೆರ್ನಾಂಬುಕೊ ರಾಜ್ಯದ ಒಳನಾಡಿನಲ್ಲಿ, ಗುಡ್ಡದ ಬುಡದ ಊರಿನಲ್ಲಿ, ಅವನದೊಂದು ಸಣ್ಣ ಬಾರು. ಆ ರಾತ್ರಿ ಪೇಟೆಯಿಂದ ಬಂದ ಕೊನೆಯ ವ್ಯಾನಿನಿಂದಿಳಿದು, ಹೊಸ ಆಂಟೆನಾ ಕೇಬಲ್ಲಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ನಡೆದು ಬರುತ್ತಿದ್ದ. ಬಾರಿನ ಪಕ್ಕದ್ದೇ ದೋನಾ ಕಿತೇರಿಯಾ ಅನ್ನುವ ಒಂಟಿ ಮುದುಕಿಯ ಹಿತ್ತಿಲು. ಅದರ ಬೇಲಿಗೆ ಒತ್ತಿ ಗಮೆಲೇರ ಮರ. ಆಲದ ಕುಲದ್ದೇ. ಅಷ್ಟೇ ಅಗಲ, ಅಷ್ಟೇ ಕತ್ತಲೆ.

ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ನಡುವೆ ಇನ್ನೊಂದು ಸದ್ದು.

“ಅ...”

ಅಷ್ಟೇ. ಬೆಕ್ಕಿರಬೇಕು ಅಂದುಕೊಂಡ. ಆ ಹಿತ್ತಿಲಿಗೆ ಬೆಕ್ಕು ಕಾಲಿಡುವುದಿಲ್ಲ ಅನ್ನುವುದು ಮನೆ ಬಾಗಿಲು ತೆಗೆಯುವಾಗ ನೆನಪಾಯಿತು.

ಅವನ ತಲೆಯಲ್ಲಿ ಇದ್ದದ್ದು ಭಾನುವಾರ. ಅಂದು ಫುಟ್‌ಬಾಲ್ ಫೈನಲ್. ಆಟ ಬರುವ ಚಾನೆಲ್ಲೇ ಅವನ ಟಿವಿಯಲ್ಲಿ ಮಾಯವಾಗಿತ್ತು. ಎದುರು ಸಾಲಿನ ಬಿರಾನ ಬಾರಿನಲ್ಲಿ ಡಿಶ್ ಇತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಜಾರುತ್ತಿದ್ದರು.

“ಭಾನುವಾರವೂ ಬರದಿದ್ರೆ ಸೋಮವಾರ ಬೀಗ ಹಾಕೋಣ,” ಎಂದಳು ಹೆಂಡತಿ ಇವೊನೇತಿ. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಕೆಲಸಕ್ಕಿಳಿದ. ಹಳೇ ಕೇಬಲ್ಲು ಕಿತ್ತು ಹೊಸದು ಎಳೆದ. ಹಸಿರುಗಟ್ಟಿದ್ದ ತುದಿಗಳನ್ನು ಉಜ್ಜಿದ. ಬಿದಿರಿನ ಗಳುವಿನ ಮೇಲಿದ್ದ ಮೀನಿನ ಮುಳ್ಳಿನಂಥ ಆಂಟೆನಾವನ್ನು ಗುಡ್ಡದ ಟವರಿನತ್ತ ಬೆರಳಷ್ಟು ಬೆರಳಷ್ಟೇ ತಿರುಗಿಸಿದ. ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವ ಹಾಗೆ, ಪಾತ್ರೆ ಉಜ್ಜುವ ಉಕ್ಕಿನ ನಾರನ್ನೂ ತುದಿಗೆ ಸಿಕ್ಕಿಸಿದ. ಹಳೇ ಟಿವಿಗಳ ಕಾಲದ ಅಭ್ಯಾಸ. ಈಗಿನದಕ್ಕೆ ಅದರಿಂದ ಏನೂ ಆಗುವುದಿಲ್ಲ.

“ಈಗ?”

“ಇಲ್ಲ!” ಒಳಗಿನಿಂದ ಇವೊನೇತಿ.

“ಈಗ?”

“ಬಂತು... ಬಂತು... ಹೋಯ್ತು!”

ಬಿರಾ ಬೀದಿಯಲ್ಲಿ ನಿಂತು ನೋಡುತ್ತಿದ್ದ. “ಏನೋ ಜುರಾಂದಿರ್, ಮುಳ್ಳು ಹಿಡ್ಕೊಂಡು ಮೀನು ಹುಡುಕ್ತಿದ್ದೀಯಾ? ಭಾನುವಾರ ನಮ್ಮಲ್ಲಿಗೇ ಬಾರೋ. ನಿಂಗೂ ಒಂದು ಕುರ್ಚಿ ಹಾಕಿರ್ತೀನಿ.”

“ಆ ಕುರ್ಚಿ ನಿನ್ನ ತಲೆ ಮೇಲಿಟ್ಕೊ!”

ಆ ಸಿಟ್ಟಿನಲ್ಲಿ ಅವನೊಂದು ತಪ್ಪು ಮಾಡಿದ. ಸಿಗ್ನಲ್ ಇಲ್ಲದ ಹೊತ್ತಿನಲ್ಲೇ ಚಾನೆಲ್‌ಗಳನ್ನೆಲ್ಲ ಹೊಸದಾಗಿ ಹುಡುಕಲು ಟಿವಿಯ ಸೆಟ್‌ಟಾಪ್ ಡಬ್ಬಿಯನ್ನು ಹಚ್ಚಿದ. ಡಬ್ಬಿ ಮೊದಲು ಹಳೆಯದನ್ನು ಅಳಿಸುತ್ತದೆ, ಆಮೇಲೆ ಸಿಕ್ಕಿದ್ದನ್ನು ಹಿಡಿಯುತ್ತದೆ. ಬರುತ್ತಿದ್ದವೂ ಹೋದವು. ಉಳಿದದ್ದು ಒಂದೇ. ಅದಕ್ಕೆ ಹೆಸರಿರಲಿಲ್ಲ.

ಒತ್ತಿದ. ಪರದೆ ಕಪ್ಪು. ಸದ್ದು ಮಾತ್ರ ತುಂಡುತುಂಡಾಗಿ ಬಂತು.

“ಅ... ಅ... ... ಅ...”

“ಮೈದಾನದ ಗದ್ದಲ ಇರಬೇಕು,” ಎಂದ.

ಇವೊನೇತಿ ಎದ್ದು ಹೋಗಿ ಪ್ಲಗ್ಗು ಕಿತ್ತಳು.

ಗುಡ್ಡಕ್ಕೂ ಆಂಟೆನಾಕ್ಕೂ ನಡುವೆ ಇದ್ದದ್ದು ಆ ಮರ. ಅದರ ಒಂದು ಕೊಂಬೆ ಸರಿಯಾಗಿ ಟವರಿಗೆ ಅಡ್ಡ. ಎಲೆ ಒದ್ದೆಯಾದರೆ ಸಿಗ್ನಲ್ ಸತ್ತೇ ಹೋಗುತ್ತಿತ್ತು. ಸಂಜೆ ಬೇಲಿಯ ಹತ್ತಿರ ನಿಂತು ಕೂಗಿದ.

“ದೋನಾ ಕಿತೇರಿಯಾ, ಒಂದೇ ಒಂದು ಕೊಂಬೆ. ಕಡಿಯೋ ಖರ್ಚೂ ನಂದೇ.”

“ಮುಟ್ಟಿ ನೋಡು.”

“ನನ್ನ ಹೊಟ್ಟೆಪಾಡು ಹೋಗ್ತಿದೆ ಕಣಮ್ಮ!”

“ಹೋಗಲಿ. ನಿಮ್ಮಪ್ಪನ ಮನೆ ಬಾಗಿಲಲ್ಲಿ ನಾನೂ ಹಿಂಗೇ ನಿಂತಿದ್ದೆ. ನಕ್ಕ. ನೀನು ಅವನ ಹಾಗೇ ಇದ್ದೀಯ... ಹಲ್ಲು ಸಮೇತ.”

ಕಿಟಕಿ ಧಡ್ ಎಂದು ಮುಚ್ಚಿಕೊಂಡಿತು.

ಶನಿವಾರ ರಾತ್ರಿ ಮಳೆ ನಿಂತು ಊರು ಮಲಗಿದ ಮೇಲೆ ಗರಗಸ ತೆಗೆದುಕೊಂಡು ಬೇಲಿ ದಾಟಿದ. ಮರ ಹತ್ತಿ ಕೊಂಬೆಗೆ ಹಲ್ಲು ಹಚ್ಚಿದ. ಕರ್ರ್... ಕರ್ರ್... ಉಸಿರಿಗೆ ನಿಲ್ಲಿಸಿದ.

“ಅ...”

ಮತ್ತೆ ಎಳೆದ. ಕರ್ರ್... ನಿಲ್ಲಿಸಿದ.

“ಅ... ಅ...”

ಟಿವಿಯಲ್ಲಿ ತುಂಡಾಗಿ ಬಂದದ್ದು ಇಲ್ಲಿ ಇಡಿಯಾಗಿತ್ತು. ಎಳೆಗೂಸಿನ ಅಳು. ಹಾಲಿಗೆ ಅತ್ತು ಅತ್ತು ಗಂಟಲು ಒಣಗಿದ ಕೂಸಿನದು. ಬರುತ್ತಿದ್ದದ್ದು ಬೇರಿನಿಂದ.

ನಮ್ಮ ಕಡೆ ಇದು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಜ್ಞಾನಸ್ನಾನ ಆಗದೆ ಸತ್ತ ಕೂಸನ್ನು ಹಿಂದೆ ಮರದ ಬುಡದಲ್ಲೋ ದಾರಿ ಕೂಡುವಲ್ಲೋ ಹೂಳುತ್ತಿದ್ದರು. ಯಾರಾದರೂ ನೀರು ಹಾಕಿ ಹೆಸರು ಕೊಡುವವರೆಗೆ ಅದು ಅಳುತ್ತದೆ. ಹೆತ್ತವರು ಕೊಡುವ ಹಾಗಿಲ್ಲ. ಬೇರೆಯವರೇ ಬೇಕು. ಗಂಡಾದರೆ ಜೊವಾಂವ್, ಹೆಣ್ಣಾದರೆ ಮರೀಯಾ. ಅಷ್ಟು ಹೇಳಿ, ತಿರುಗಿ ನೋಡದೆ ಹೋಗಬೇಕು. ಅಜ್ಜಿ ನಮಗೆಲ್ಲ ಕಲಿಸಿದ್ದಳು.

ಕೆಳಗಿಳಿದ. ದೋನಾ ಕಿತೇರಿಯಾ ಅಲ್ಲೇ ನಿಂತಿದ್ದಳು. ದೀಪವಿಲ್ಲ. ಕೈಯಲ್ಲಿ ಸೋರೆ ಬುರುಡೆ, ತುಂಬ ನೀರು.

“ನಿಮಗೂ... ಕೇಳ್ತಿದೆಯಾ?” ಪಿಸುಗುಟ್ಟಿದ.

“ಮೂವತ್ತು ವರ್ಷದಿಂದ.”

“ಯಾರೂ...?”

“ಒಬ್ಬರೂ ಬರಲಿಲ್ಲ. ಗಂಡನಿಲ್ಲದೆ ಹೆತ್ತಿದ್ದಕ್ಕೆ ಯಾರು ಜ್ಞಾನಪಿತನಾಗಿ ನಿಲ್ತಾರೆ? ಊರೆಲ್ಲ ಬೇಡ್ದೆ. ಕೊನೆಗೆ ಸುಮ್ಮನಾದೆ. ಒಬ್ಬ ಬಂದೇ ಬರ್ತಾನೆ ಅಂತಿತ್ತು.” ಗರಗಸದ ಕಡೆ ನೋಡಿದಳು. “ಬಂದಿದ್ದೀಯ. ನೀರು ಹಾಕು. ಆಮೇಲೆ ಮರಾನೇ ಕಡ್ಕೊ.”

ಬುರುಡೆ ಕೈಗೆ ಬಂತು. ನೀರು ತುಳುಕುತ್ತಿತ್ತು. ಅಳು ಈಗ ಅವನ ಕಾಲಿನ ಹತ್ತಿರ.

“ಗಂಡು,” ಎಂದಳು ಮುದುಕಿ. “ಹೆಸರು ಕೊಡು.”

“ಪಿತನ... ಸುತನ...” ಎಂದ. ಅಜ್ಜಿ ಕಲಿಸಿದ ಹೆಸರು ನೆನಪಿಗೆ ಬರಲಿಲ್ಲ. ನಮ್ಮೂರಲ್ಲಿ ಜ್ಞಾನಸ್ನಾನಕ್ಕೆ ತಂದೆಯಾಗಿ ನಿಲ್ಲುವ ಜ್ಞಾನಪಿತರು ಗಂಡುಮಗುವಿಗೆ ತಮ್ಮ ಹೆಸರನ್ನೇ ಕೊಡುವುದುಂಟು. ಬದುಕಿರುವ ಮಗುವಿಗೆ. ಬಾಯಿಗೆ ಬಂದದ್ದು ಅದೊಂದೇ.

“ಜುರಾಂದಿರ್,” ಎಂದ. ನೀರು ಸುರಿದ.

ಅಳು ನಿಂತಿತು. ಎಲೆಯಿಂದ ತೊಟ್ಟಿಕ್ಕುವುದೂ ನಿಂತಿತು.

“ಜುರಾಂದಿರ್,” ದೋನಾ ಕಿತೇರಿಯಾ ನಿಧಾನವಾಗಿ ಹೇಳಿ ನೋಡಿದಳು. ನಕ್ಕಳು. ಅವನತ್ತ ನೋಡಲಿಲ್ಲ, ಬೇರಿನತ್ತ ಬಗ್ಗಿದಳು. “ಬಾರೋ ಮಗನೇ.”

ಕೊಂಬೆಯನ್ನು ಅವನು ಕಡಿಯಲಿಲ್ಲ. ಗರಗಸದ ಗಾಯ ಇನ್ನೂ ಹಾಗೇ ಇದೆ.

ಭಾನುವಾರ ಬೆಳಿಗ್ಗೆ ಮತ್ತೆ ಹುಡುಕಲು ಹಚ್ಚಿದಾಗ ಚಾನೆಲ್‌ಗಳೆಲ್ಲ ಸಾಲಾಗಿ ಬಂದು ಕೂತವು. ಹೆಸರಿಲ್ಲದ್ದು ಇರಲಿಲ್ಲ. ಚಿತ್ರ ಕನ್ನಡಿಯಷ್ಟು ತಿಳಿ. ಮಳೆ ಧೋ ಎಂದು ಹೊಯ್ಯುತ್ತಿದ್ದರೂ ಒಂದು ಚುಕ್ಕೆ ಅಲುಗಲಿಲ್ಲ. ಬಾರು ತುಂಬಿತು. ತನ್ನ ಬಾರು ಖಾಲಿಯಾದದ್ದನ್ನು ನೋಡಿ ಬಿರಾನೂ ಬಂದ. ಬಾಗಿಲಲ್ಲಿ ನಿಂತು ಗೇಲಿಯ ದನಿಯಲ್ಲಿ ಕೂಗಿದ.

“ಏನಪ್ಪಾ ಜುರಾಂದಿರ್, ನನ್ನ ಕುರ್ಚಿ ಎಲ್ಲಿ?”

“ಓ...”

ಉತ್ತರ ಹಿತ್ತಿಲ ಕಡೆಯಿಂದ ಬಂತು. ಸಣ್ಣ ದನಿ. ಖುಷಿಯ ದನಿ.

ಬಾರಿನಲ್ಲಿ ಯಾರೂ ನಗಲಿಲ್ಲ. ಬಿರಾ ಕೂರದೆ ಹಾಗೇ ಹಿಂದಿರುಗಿದ.

ಈಗ ಚಿಕ್ಕಪ್ಪನ ಮಗನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಇವೊನೇತಿ ಚಪ್ಪಾಳೆ ತಟ್ಟಿ ಕರೆಯುತ್ತಾಳೆ. ಬಾಗಿಲ ಮೇಲಿನ ಅವನ ಹೆಸರಿನ ಫಲಕಕ್ಕೆ ಸುಣ್ಣ ಬಳಿದಿದೆ. ಯಾರಾದರೂ ಹೆಸರು ಕೇಳಿದರೆ ಅವನು ಸ್ವಲ್ಪ ಹೊತ್ತು ಯೋಚಿಸುತ್ತಾನೆ, ಆಮೇಲೆ ಗಲ್ಲಾದ ಕಡೆ ತಿರುಗಿಕೊಳ್ಳುತ್ತಾನೆ.

ಇದನ್ನು ಬೇರೆಯವರ ಬಾಯಿಂದ ಕೇಳಿ ಹೇಳುತ್ತಿಲ್ಲ. ಹೋದ ಡಿಸೆಂಬರಿನಲ್ಲಿ ನಾನು ಅಲ್ಲಿ ಕೂತು ಕುಡಿದಿದ್ದೇನೆ. ಟಿವಿ ಚೆನ್ನಾಗಿ ಬರುತ್ತಿತ್ತು. ಚಿಕ್ಕಂದಿನ ರೂಢಿ, ಮರೆತು ಹೆಸರು ಹಿಡಿದು ಕರೆದುಬಿಟ್ಟೆ.

ಅವನು ನನ್ನೆದುರಿಗೇ ಗ್ಲಾಸು ಒರೆಸುತ್ತಿದ್ದ. ತಲೆ ಎತ್ತಲಿಲ್ಲ. ಬಾಯಿ ಮುಚ್ಚಿತ್ತು.

“ಓ...” ಅಂತ ಕೇಳಿಸಿತು.