ಶನಿವಾರದ ಚಪ್ಪಾಳೆ

ಕೆನಡಾದ ಕೇಪ್ ಬ್ರೆಟನ್ ದ್ವೀಪದ ನಮ್ಮೂರ ಅಂಚೆ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಎಫಿ ನಿಂತಿದ್ದರು. ಜೊತೆಗೆ ಪಟ್ಟಣದಲ್ಲಿ ಪಿಟೀಲು ಕಲಿತು ಬಂದ ಅವರ ಅಣ್ಣನ ಮಗ ಲಾಕಿ. ಮೊನ್ನೆ ಶನಿವಾರದ ಕುಣಿತಕ್ಕೆ ನುಡಿಸಿದವನು ಅವನೇ.

“ಅದೇನೋ ಕಮಾನು ಎಳೆದದ್ದು? ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ!”

“ನಾದ ತುಂಬಿ ಬರಬೇಕಂದ್ರೆ ಉದ್ದಕ್ಕೆ ಎಳೀಬೇಕು ಅತ್ತೆ. ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದೇ ಹಾಗೆ.”

“ನಿಮ್ಮ ಮೇಷ್ಟ್ರು ಕುರ್ಚಿ ಮೇಲೆ ಕೂತೋರಿಗೆ ನುಡಿಸ್ತಾರೆ. ನಮ್ಮೋರು ಬರೋದು ಕುಣಿಯೋಕೆ. ಕಮಾನು ಕೆಳಗೆ ಎಳೆದಷ್ಟೇ ಗಟ್ಟಿಯಾಗಿ ಮೇಲಕ್ಕೂ ಹೊಡೀಬೇಕು. ನಿಮ್ಮಪ್ಪ ಸಾಯೋ ತನಕ ಹಾಗೇ ಹೊಡೆದ.”

“ಅಪ್ಪಂದು ಬರೀ ಕರಕರ ಅಂತಿತ್ತು.”

“ಆ ಕರಕರಕ್ಕೇ ಕಣೋ ಮುದುಕರೂ ಎದ್ದು ಕುಣೀತಿದ್ದಿದ್ದು!”

“ನಂದು ಅಷ್ಟು ಕೆಟ್ಟದಾಗಿದ್ರೆ ಅರ್ಧ ಜನ ಯಾಕೆ ಕಣ್ಣು ಮುಚ್ಚಿ ಕೂತು ಕೇಳಿದ್ರು?”

“ಕೂತ್ರು ಅಂತ ನಿನ್ನ ಬಾಯಲ್ಲೇ ಬಂತಲ್ಲ.”

ಲಾಕಿಯ ಕಿವಿ ಕೆಂಪಾಯಿತು.

“ಮತ್ತೆ ನೀವ್ಯಾಕೆ ಮೊದಲಿಂದ ಕೊನೇ ತನಕ ಚಪ್ಪಾಳೆ ತಟ್ಟಿದ್ರಿ? ನಾನೇ ನೋಡ್ದೆ!”

ಅಷ್ಟರಲ್ಲಿ ಸರದಿ ಬಂದು, ಎಫಿ ಕಿಟಕಿಯಲ್ಲಿ ಕೊಟ್ಟ ತಮ್ಮ ಕಾಗದಗಳನ್ನು ತೆಗೆದುಕೊಂಡು ಕಂಕುಳಿಗೆ ಸಿಕ್ಕಿಸಿಕೊಂಡರು. ಎರಡೂ ಅಂಗೈ ಬಿಚ್ಚಿ ಅವನ ಮುಖದ ಮುಂದೆ ಹಿಡಿದರು.

“ಮೆಚ್ಚಿ ತಟ್ಟಿದೆ ಅಂದ್ಕೊಂಡ್ಯಾ ದಡ್ಡ? ಕುಣಿಯೋಕೆ ಉಳಿದಿದ್ದ ನಾಲ್ಕು ಜೋಡಿಗೆ ಹೆಜ್ಜೆ ಇಡೋಕೆ ತಾಳ ಬೇಕಿತ್ತು. ನಿನ್ನ ಪಿಟೀಲಲ್ಲಿ ಇರ್ಲಿಲ್ಲ. ಇನ್ನೂ ಉರೀತಿದೆ ನೋಡು!”

ಎಫಿ ಹೊರಬಿದ್ದ ರಭಸಕ್ಕೆ ಬಾಗಿಲು ಧಡಾರನೆ ಬಡಿದುಕೊಂಡಿತು. ಲಾಕಿ ತನ್ನ ಸರದಿಯನ್ನೂ ಬಿಟ್ಟು ಅವರ ಹಿಂದೆ ಓಡಿದ.