ಹೆಸರು ಹೇಳಿ ಮಾಡಿದ ಪ್ರಾರ್ಥನೆ

ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ನನ್ನ ಎದುರಿನ ಬೆಂಚಿನ ಮೇಲೆ ಅತ್ತಿಗೆ-ನಾದಿನಿ ಕುಳಿತಿದ್ದರು. ಅತ್ತಿಗೆಯ ಕೆನ್ನೆ ಊದಿತ್ತು. ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಆದರೂ ಈ ವಿಷಯ ತೆಗೆದವಳು ನಾದಿನಿ.

"ಚರ್ಚಲ್ಲಿ ಕೀಬೋರ್ಡ್ ನುಡಿಸೋರು ಕುಡೀತಾರೆ ಅಂತ ಪ್ರಾರ್ಥನೆ ಕೂಟದಲ್ಲಿ ಹೆಸರು ಹಿಡಿದು ಹೇಳ್ಬೇಕಿತ್ತಾ ಅತ್ತಿಗೆ?"

"ಅವರಿಗೋಸ್ಕರ ಪ್ರಾರ್ಥನೆ ಮಾಡಿದೆ ಕಣೇ, ಚಾಡಿ ಹೇಳಿದ್ನಾ? ಕಣ್ಣು ಮುಚ್ಕೊಂಡೇ ಹೇಳಿದ್ದು."

"ಮಿಕ್ಕವರೆಲ್ಲ ಕಣ್ಣು ಬಿಟ್ರು."

"ಹೆಸರು ಹೇಳ್ದಿದ್ರೆ ಯಾರಿಗೋಸ್ಕರ ಅಂತ ಗೊತ್ತಾಗೋದು ಹೇಗೆ?"

"ದೇವರಿಗೆ ಗೊತ್ತಿರ್ಲಿಲ್ವಾ?"

ಅತ್ತಿಗೆ ಕೆನ್ನೆ ಒತ್ತಿಕೊಂಡರು. ನಾದಿನಿ ಬಿಡಲಿಲ್ಲ.

"ಈ ಭಾನುವಾರ ಅವರು ಆರಾಧನೆಗೆ ಬರಲೇ ಇಲ್ಲ. ಹೆಂಡ್ತಿ ಮಕ್ಕಳೂ ಬರ್ಲಿಲ್ಲ."

"ನಾಚಿಕೆ ಆಗಿರ್ಬೇಕು. ಆಗ್ಲಿ ಬಿಡು."

"ಸರಿ, ಮುಂದಿನ ಕೂಟದಲ್ಲಿ ನಮ್ಮಣ್ಣನ ಹೆಸರು ನಾನು ಹೇಳ್ತೀನಿ. ನಿಮ್ಮೆಜಮಾನ್ರು ದಿನಾ ರಾತ್ರಿ ಕುಡಿಯೋದೇನು ಹಾಲಾ?"

"ಬಾಯ್ಮುಚ್ಚು! ಅದು ಮನೆ ವಿಷ್ಯ. ನಾನೊಬ್ಬಳೇ ಮಂಡಿಯೂರಿ ದೇವರ ಹತ್ರ ಹೇಳ್ಕೋತೀನಿ."

"ಕೀಬೋರ್ಡ್ ನುಡಿಸೋರ ಹೆಂಡ್ತಿನೂ ಹಾಗೇ ಹೇಳ್ಕೋತಿದ್ರು. ನೀವು ಮೈಕ್ ಹಿಡಿಯೋ ತನಕ."

ಅತ್ತಿಗೆ ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನೇ ನೋಡುತ್ತ ಕುಳಿತರು. ನರ್ಸ್ ಕರೆದಾಗ ಎದ್ದರು.

"ವಾಪಸ್ ಹೋಗ್ತಾ ಅವರ ಮನೆ ಹತ್ರ ಇಳಿಯೋಣ."

"ಹೋಗಿ ಏನು ಹೇಳ್ತೀರಿ?"

"ಆ ಹೆಂಗಸಿಗೆ ನಿಮ್ಮಣ್ಣನ ವಿಷ್ಯ ಹೇಳ್ತೀನಿ. ಬಾಗಿಲು ಮಾತ್ರ ನೀನೇ ತಟ್ಟು."

ಇಬ್ಬರೂ ಒಳಗೆ ಹೋದರು.