ಒಳಗಿನ ಚಿಲಕ

ಶ್ರೀರಂಗಪಟ್ಟಣದ ಸಂಗಮದಲ್ಲಿ ಹೆಂಡತಿಯ ಅಸ್ಥಿ ಬಿಟ್ಟು ಬಂದ ತಿಮ್ಮರಾಜಯ್ಯನವರು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ರಂಗನಾಥನ ನಾಮ ಜಪಿಸುತ್ತಿದ್ದರು. ಪಕ್ಕದಲ್ಲಿದ್ದ ಇಬ್ಬರು ಹೆಂಗಸರ ಮಾತು ಕಿವಿಗೆ ಬಿದ್ದು ಜಪ ನಿಂತಿತು.

"ಚಿಕ್ಕಬೋರಕ್ಕ, ಮಂಡ್ಯದಾಗೆ ಸಾಹೇಬ್ರಿಗೆ ಏನಂತ ಏಳ್ತೀಯಾ?"

"ಸೂರಿಲ್ಲದೋರ ಆಶ್ರಯ ಕೇಂದ್ರಕ್ಕೆ ಕಾನೂನು ಬರೀತಾವ್ರಲ್ಲ, ಅದ್ರಲ್ಲಿ ಬಾಗಿಲ ಚಿಲಕ ಒಳಗಡೆ ಇರ್ಬೇಕು ಅಂತ ಬರೀರಿ ಅಂತೀನಿ."

"ಅಷ್ಟೇನಾ?"

"ಅಷ್ಟೇ ಕಣವ್ವ ನಜ್ಮು. ದಿನಾ ರಾತ್ರಿ ವಾರ್ಡನ್ನು ನಮ್ಮನ್ನ ಒಳಗೆ ಬುಟ್ಟು ಆಚೆಯಿಂದ ಚಿಲಕ ಆಕ್ತಾನೆ. ನಮ್ಮ ಬಿಂಡಿಗನವಿಲೇಲಿ ಕುರಿದೊಡ್ಡಿಗೆ ಅಂಗೆ ಆಕೋದು. ನಾವೇನು ಕುರಿಗಳಾ?"

"ಯಾ ಅಲ್ಲಾ! ಬಾಯಿ ಬುಟ್ರೆ ಆಚೆಗೆ ದಬ್ತೀನಿ ಅಂದವ್ನೆ."

"ಕಾರಣ ಬರೆದುಕೊಡದೆ ಯಾರನ್ನೂ ದಬ್ಬಂಗಿಲ್ಲ ಅಂತಾನೂ ಬರೆಸ್ಬುಡಾನ."

"ಅಷ್ಟರಲ್ಲೇ ಅವನು ದಬ್ಬುಬುಟ್ರೆ ಎಲ್ಲಿ ಮಲಗೋದಕ್ಕಾ?"

"ಇದೇ ಬೆಂಚು. ಬೀದೀಲಿ ಮಲಗಿ ಎದ್ದೋರು ನಾವು. ಬೆದರಿಸೋಕೆ ಅವನು ಬೇರೆ ಏನಾದ್ರೂ ಉಡುಕ್ಲಿ."

ನಜ್ಮುನ್ನೀಸಾ ನಕ್ಕುಬಿಟ್ಟಳು. ತಿಮ್ಮರಾಜಯ್ಯನವರು ತಮಗರಿವಿಲ್ಲದೆಯೇ ಬೆಂಚಿನ ತುದಿಗೆ ಸರಿದು ಜಾಗ ಬಿಟ್ಟರು.

ಅಷ್ಟರಲ್ಲಿ ಮಂಡ್ಯದ ಬಸ್ಸು ಬಂತು. ಇಬ್ಬರೂ ಹತ್ತಿದರು.

"ಬಾಗಿಲಲ್ಲಿ ನಿಲ್ಬೇಡ್ರವ್ವ, ಬಾಗಿಲು ಆಕ್ಬೇಕು!" ಎಂದು ಕಂಡಕ್ಟರ್ ಕೂಗಿದ.

"ಆಕಪ್ಪ, ನೀನೂ ಒಳಗೇ ಇದ್ದೀಯಲ್ಲ," ಎಂದಳು ಚಿಕ್ಕಬೋರಮ್ಮ.